ಫರಸಿ ನುಂಗಿದ ಎಣ್ಣೆ

ನಮ್ಮ ಕಡೆ ಮನೆಯ ನೆಲ ಅಂದರೆ ಫರಸಿ. ಊರ ಹೊರಗಿನ ಖಣಿಯಲ್ಲಿ ಪುಸ್ತಕದ ಹಾಳೆಯಂತೆ ಪದರು ಪದರಾಗಿ ಏಳುವ ಸುಣ್ಣಕಲ್ಲು. ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ, ಎಲ್ಲಿ ಹೋದರೂ ಕಾಲಿಗೆ ಸಿಗುವುದು ಅದೇ. ಹಾಸಿದರೆ ನೆಲ, ನಿಲ್ಲಿಸಿದರೆ ಗೋಡೆ, ಸುಟ್ಟು ಪುಡಿ ಮಾಡಿದರೆ ಸಿಮೆಂಟು. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿಗೆ ಗಲ್ಲ ಹಚ್ಚಿ ಮಲಗಿದವರಿಗಷ್ಟೇ ಅದರ ತಂಪು ಗೊತ್ತು.

ನಮ್ಮ ಆಯಿಗೆ ಆ ನೆಲದ ಬಗ್ಗೆ ಒಂದೇ ಭಯ. "ಏ ತಮ್ಮಾ, ಎಣ್ಣಿ ಚೆಲ್ಲಬ್ಯಾಡ. ನೀರು ಚೆಲ್ಲಿದ್ರ ಒಣಗತದ, ಎಣ್ಣಿ ಚೆಲ್ಲಿದ್ರ ಫರಸಿ ನುಂಗತದ. ನುಂಗಿದ್ದು ಹೊಳ್ಳಿ ಕೊಡಂಗಿಲ್ಲ ಅದು." ಬೂದಿ ಹಾಕಿ ತಿಕ್ಕಿದರೂ ಆ ಕಲೆ ಹೋಗುತ್ತಿರಲಿಲ್ಲ.

ಆಯಿ ಹೆದರಿದ್ದ ಆ ಗುಣದಿಂದಲೇ ಕನ್ನಡದ ಮೊದಲ ಪತ್ರಿಕೆ ಹುಟ್ಟಿತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿಗೆ ಬೇಕಾದದ್ದು ಸುಣ್ಣಕಲ್ಲೇ, ನಮ್ಮ ಫರಸಿಯ ದೂರದ ದಾಯಾದಿ. ಅದರ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು. ನೇರ ಕಲ್ಲಿಗೇ ಬರೆಯುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಆಮೇಲೆ ಕಲ್ಲಿಗೆ ನೀರು ಸವರಬೇಕು. ಬರಿಗಲ್ಲು ನೀರು ಹಿಡಿಯುತ್ತದೆ, ಜಿಡ್ಡು ಕುಡಿದ ಅಕ್ಷರ ಹಿಡಿಯುವುದಿಲ್ಲ. ಮೇಲೆ ಮಸಿ ಉರುಳಿಸಿದರೆ ಅದು ಅಕ್ಷರಕ್ಕಷ್ಟೇ ಅಂಟುತ್ತದೆ. ಇದನ್ನು 1796ರ ಸುಮಾರಿಗೆ ಕಂಡುಕೊಂಡ ಬವೇರಿಯದ ಸೆನೆಫೆಲ್ಡರ್ ಕಲ್ಲಿನ ಮೇಲೆ ಮೊದಲು ಗೀಚಿದ್ದು ಬಟ್ಟೆ ಒಗೆಯಲು ಕೊಡುವ ಲೆಕ್ಕವನ್ನಂತೆ. ಅಗಸರ ಲೆಕ್ಕದಿಂದ ಹೊರಟ ವಿದ್ಯೆ ಕಡಲು ದಾಟಿ ಬಂದು ಕನ್ನಡಕ್ಕೆ ಸುದ್ದಿ ಹೇಳಿತು.

ಆದರೆ ನನ್ನ ಬೆರಗು ಅಚ್ಚಿನ ಹತ್ತಿರ ನಿಲ್ಲುವುದಿಲ್ಲ. ಅದು ಮೋಗ್ಲಿಂಗ್ ಜೊತೆ ಕೂತಿದ್ದ ಹುಡುಗರ ಕಡೆ ಹೋಗುತ್ತದೆ. 1836ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಈ ಜರ್ಮನ್, ಪಾಠ ಹೇಳಿ ಬಂಗಲೆ ಸೇರುವ ಜಾತಿಯವನಲ್ಲ. ವಿದ್ಯಾರ್ಥಿಗಳ ಜೊತೆಯಲ್ಲೇ ಇದ್ದು ಅವರ ಅನ್ನವನ್ನೇ ಉಂಡು ಕಲಿಸಬೇಕೆಂಬ ಹಟದವನು. ಬೋಧಕರನ್ನು ತಯಾರು ಮಾಡುವ ಮಿಶನ್ನಿನ ದೇವಜ್ಞಾನ ಶಾಲೆ ಮಂಗಳೂರಿನಲ್ಲಿ 1847ರಲ್ಲಿ ಆರಂಭವಾಯಿತು. ಬಲ್ಮಠದ ಗುಡ್ಡದ ಮೇಲೆ ಇಂದು ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎಂಬ ಹೆಸರಿನಲ್ಲಿರುವುದು ಅದೇ.

ಅಲ್ಲಿನ ಸಂಜೆಯ ಪ್ರಾರ್ಥನೆಯನ್ನು ನಾನು ಊಹಿಸಿಕೊಳ್ಳುತ್ತೇನೆ. ಪಾಠ ಹೇಳುವಾಗ ಗುರುವಿಗೆ ಪುಸ್ತಕದ ಮರೆ ಇರುತ್ತದೆ. ಕಣ್ಣು ಮುಚ್ಚಿ ದೇವರೊಡನೆ ಮಾತಾಡುವಾಗ ಯಾವ ಮರೆಯೂ ಇಲ್ಲ. ತಾಯಿಯ ಬಾಯಿಂದ ಕಲಿತ ಪ್ರಾರ್ಥನೆಯನ್ನು ಬದಿಗಿಟ್ಟು, ಇನ್ನೂ ನಾಲಿಗೆಗೆ ಒಗ್ಗದ ಭಾಷೆಯಲ್ಲಿ, ಳಕಾರ ಣಕಾರಗಳಲ್ಲಿ ಎಡವುತ್ತ, ತನಗಿಂತ ಚೆನ್ನಾಗಿ ಮಾತಾಡಬಲ್ಲ ಹುಡುಗರ ಎದುರು ದೇವರನ್ನು ಕರೆಯುವುದೆಂದರೇನು? ತನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದರಲ್ಲೇ ಮತ್ತೆ ಮಗುವಾಗುವುದು. ಹುಡುಗರಲ್ಲೊಬ್ಬ ನಕ್ಕಿರಬೇಕು. ಇನ್ನೊಬ್ಬ ಮರುದಿನ ಮೆಲ್ಲಗೆ ತಿದ್ದಿರಬೇಕು. ಭಕ್ತಿ, ಕೃಪೆ, ಪಾಪ, ಸ್ತೋತ್ರ – ಗುರು ಬಳಸಬೇಕಿದ್ದ ಮಾತುಗಳೆಲ್ಲ ಆಗಲೇ ಬೇರೆ ದೇವರುಗಳ ಮುಂದೆ ನೂರಾರು ವರ್ಷ ಸವೆದು ನುಣುಪಾದವು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ ಇಡೀ ಬೈಬಲ್ 1831ರ ಹೊತ್ತಿಗೇ ಕನ್ನಡಕ್ಕೆ ಬಂದಿತ್ತು, ನಿಜ. ಆದರೆ ಪುಸ್ತಕದಲ್ಲಿ ಇರುವ ಭಾಷೆ ಬೇರೆ, ಪಕ್ಕದ ಚಾಪೆಯವನ ಭಾಷೆ ಬೇರೆ.

ಆಮೇಲೆ ಮೋಗ್ಲಿಂಗ್ ಮಾಡಿದ್ದು ನೋಡಿ: ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ. 1850ರಲ್ಲಿ ದಾಸರ ಪದಗಳು. ಯೇಸುವಿನ ಹೆಸರು ಹೇಳಲು ಬಂದವನು ಹರಿಯ ಪದಗಳನ್ನು ಅಚ್ಚು ಹಾಕಿಸಿದ! ಬೋಧಕನಿಗೆ ಒಳ್ಳೆಯ ಕನ್ನಡ ಬರಲಿ, ಎದುರಿನವರ ನಂಬಿಕೆ ಗೊತ್ತಿರಲಿ ಎಂಬ ಲೆಕ್ಕ ಅದರಲ್ಲಿ ಇದ್ದೇ ಇತ್ತು. ಲೆಕ್ಕವಷ್ಟೇ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಲೆಕ್ಕಕ್ಕಾಗಿ ಯಾರೂ ಅಷ್ಟು ಓಲೆಗರಿ ತಡಕುವುದಿಲ್ಲ. ಅವನ ಹಿಂದೆ ಬಂದ ಕಿಟೆಲ್ 1862ರಲ್ಲಿ ಯೇಸುವಿನ ಬದುಕನ್ನು 'ಕಥಾಮಾಲೆ' ಎಂದು ಕನ್ನಡದ ಛಂದಸ್ಸಿನಲ್ಲೇ ಕಟ್ಟಿದ. ಅವನ 1894ರ ನಿಘಂಟನ್ನು ಎಲ್ಲರೂ ಬಲ್ಲರು, 'ಕಥಾಮಾಲೆ'ಯನ್ನು ನೆನೆಯುವವರು ಕಡಿಮೆ.

ಈ ಕಥೆಯನ್ನು ಬರೀ ಹೊಗಳಿಕೆಯಾಗಿ ಹೇಳುವುದು ನನ್ನಿಂದಾಗದು. 1844ರಲ್ಲಿ ಮೋಗ್ಲಿಂಗನ ಶಿಷ್ಯ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಮಂಗಳೂರು ಕುದಿಯಿತು. ಅವನು ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು, ಗುರುವಿನ ಸರಿಸಾಟಿಯಾಗಿ ಹಿಂದಿರುಗಿದ. ಶಿಷ್ಯ ಸಹೋದ್ಯೋಗಿಯಾದ ಎಂದು ಮಿಶನ್ ಹಿಗ್ಗಿತು. ಅವನ ಹೆತ್ತವರ ಮನೆಯ ಪಂಕ್ತಿಯಲ್ಲಿ ಒಂದು ಎಲೆ ಖಾಲಿಯಾಯಿತು. ಒಂದು ಕಡೆ ಜೊತೆಗೂಡಿ ಉಣ್ಣುವುದು ಇನ್ನೊಂದು ಕಡೆ ಪಂಕ್ತಿ ಬಿಡುವುದೂ ಆಗಿತ್ತು.

ನಮ್ಮ ಸೀಮೆಗೂ ಇಂಥ ಕೂಡುಬಾಳು ಹೊಸದಲ್ಲ. ಮಳಖೇಡ ಅಂದೊಡನೆ ವೇದಿಕೆಯ ಮೇಲಿನವರೆಲ್ಲ 'ಕವಿರಾಜಮಾರ್ಗ'ದ ಒಂದು ಸಾಲು ಹೇಳುತ್ತಾರೆ, ಅದನ್ನು ಅವರಿಗೇ ಬಿಡುತ್ತೇನೆ. ನನ್ನನ್ನು ಹಿಡಿದಿರುವುದು ಚಿತ್ತಾಪುರದ ಪಕ್ಕದ ನಾಗಾವಿ. ಚಾಲುಕ್ಯರ ಕಾಲದಲ್ಲಿ ಅಲ್ಲೊಂದು ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. ವೇದ ಓದುವ ಇನ್ನೂರು ವಿದ್ಯಾರ್ಥಿಗಳ ಲೆಕ್ಕ 1058ರ ಶಾಸನದಲ್ಲಿದೆ, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರದ್ದು, ಅಂದರೆ ಗ್ರಂಥ ಕಾಯುವವರದ್ದು. ಅರವತ್ತು ಕಂಬದ ಗುಡಿಯ ನೆರಳಲ್ಲಿ ಈಗ ಮೇಕೆ ಮಲಗಿರುತ್ತವೆ. ಕಣ್ಣು ಮುಚ್ಚಿದರೆ ಅಷ್ಟು ಕಂಠಗಳು ಒಟ್ಟಿಗೆ ಏಳುವ ನಸುಕು ಕೇಳಿಸುತ್ತದೆ. ಅಲ್ಲಿ ಓದಿದ್ದು ಬೇರೆ, ಬಲ್ಮಠದಲ್ಲಿ ಓದಿದ್ದು ಬೇರೆ. ನಸುಕಿನ ಚಳಿ, ಹಸಿವು, ಪಕ್ಕದವನ ತೂಕಡಿಕೆ ಅವೇ.

ವಾಡಿಯ ರೈಲ್ವೆ ವಸತಿಯಲ್ಲಿ ಬೆಳೆದ ನನ್ನ ಗೆಳೆಯ ಸಭಾಪಾಲಕನಾಗುತ್ತೇನೆಂದು ಬಲ್ಮಠಕ್ಕೆ ಹೋದ. ಮೊದಲ ಕಾಗದದಲ್ಲಿ ದೇವರ ಸುದ್ದಿಯೇ ಇರಲಿಲ್ಲ, ಕುಚ್ಚಲಕ್ಕಿಯ ಸುದ್ದಿ ಇತ್ತು. "ರೊಟ್ಟಿ ನೆನಸಿ ರಾತ್ರಿ ನಿದ್ದಿ ಬರವಲ್ದು ಲೇ." ಅವನ ಮಾತಿಗೆ ಕರಾವಳಿಯ ಹುಡುಗರು ನಗುತ್ತಿದ್ದರಂತೆ. ಅದಕ್ಕೇ ಪ್ರಾರ್ಥನೆಯ ಸರದಿ ಬಂದಾಗ ಪುಸ್ತಕದ ಕನ್ನಡ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ. ಒಂದು ಸಂಜೆ, ಊರಲ್ಲಿ ತಾಯಿಗೆ ಜ್ವರವೆಂದು ತಿಳಿದ ದಿನ, ಬಾಯಿಪಾಠ ತಪ್ಪಿತು. "ಯಪ್ಪಾ ದೇವ್ರೇ, ನಮ್ಮವ್ವಗ ಆರಾಮ ಮಾಡು" ಅಂದುಬಿಟ್ಟ. ಆ ಸಂಜೆ ಯಾರೂ ನಗಲಿಲ್ಲವಂತೆ.

ಈಗ ಅವನದು ಸಣ್ಣ ಊರಿನ ಸಣ್ಣ ಸಭೆ. ಕಳೆದ ತೊಗರಿ ಸುಗ್ಗಿಯಲ್ಲಿ ಹೋಗಿದ್ದೆ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಎಣ್ಣೆ ಕಲಸಿದ ಶೇಂಗಾ ಹಿಂಡಿ. ನೆಲದ ಮೇಲೆ ಕೂತು ಉಣ್ಣುವಾಗ ನನ್ನ ಕೈ ತಾಗಿ ಎಣ್ಣೆಯ ಬಟ್ಟಲು ಹೊರಳಿತು. ನಾಚಿ ಒರೆಸಲು ಹೋದೆ. "ಬಿಡ್ರಿ ಅಣ್ಣಾ, ಹೋಗಂಗಿಲ್ಲ ಅದು" ಎಂದು ಅವನ ಹೆಂಡತಿ ಇನ್ನೊಂದು ರೊಟ್ಟಿ ಹಾಕಿದಳು.

ಅವರ ಮಗಳು ಒಂದನೆಯ ಇಯತ್ತೆ, ಆಗಷ್ಟೇ ಅಕ್ಷರ ಕಲಿಯುತ್ತಿರುವವಳು. ಊಟ ಬಿಟ್ಟು ಮೊಣಕಾಲೂರಿ ಕಲೆಯ ಮೇಲೆ ಬಾಗಿದಳು. ಎಣ್ಣೆ ದುಂಡಗೆ ಹರಡಿ, ನಡುವೆ ಒಂದು ಚುಕ್ಕೆಯಷ್ಟು ಜಾಗ ಗಾಢವಾಗಿತ್ತು.

"ಅಪ್ಪಾ, ಇಲ್ಲಿ ನೋಡು, ಠ ಆಗ್ಯದ."