ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರ ಮಾತು. ಜಂತೆಯೆಂದರೆ ನಮ್ಮ ಪುತ್ತೂರಿನ ಕಡೆಯ ಹಂಚಿನ ಮನೆಗಳಲ್ಲಿ ಪಕ್ಕಾಸು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಅನ್ನ ಹಾಕಿದವರ ಮನೆಯಲ್ಲಿ ತಲೆಯೆತ್ತಿ ಮಾಡಿನ ಕೊರತೆ ಹುಡುಕುವುದು ಕೃತಘ್ನತೆ ಎಂಬುದು ಈ ಗಾದೆಯ ತಿರುಳು. ಮಕ್ಕಳಿಗೆ ಗಾದೆಯ ವಿಸ್ತರಣೆ ಬರೆಸುವಾಗ ನಾನು ಇದನ್ನು ಎಷ್ಟೋ ಸಲ ಕೊಟ್ಟಿದ್ದೇನೆ. ಆದರೆ ಪಕ್ಕಾಸಿಗೆ ಒರಲೆ ಹಿಡಿದಿರುವುದು ಅತಿಥಿಯ ಕಣ್ಣಿಗೇ ಬಿದ್ದರೆ ಅವನೇನು ಮಾಡಬೇಕು? ಕಂಡೂ ಕಾಣದಂತೆ ಕೈತೊಳೆದು ಎದ್ದುಹೋಗುವುದು ಕೃತಜ್ಞತೆಯಾದೀತೆ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಇನ್ನೂರು ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂದಿದ್ದ ಒಬ್ಬ ಫ್ರೆಂಚ್ ಪಾದ್ರಿಯ ನೆನಪಾಗುತ್ತದೆ. ಹೆಸರು ಅಬ್ಬೆ ದುಬಾಯ್. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಶ್ರೀಮಂತರು, ರಾಜನಿಷ್ಠರು, ಹೊಸ ಸರಕಾರಕ್ಕೆ ಪ್ರಮಾಣ ಮಾಡಲೊಪ್ಪದ ಪಾದ್ರಿಗಳು ದೇಶ ಬಿಟ್ಟು ದಿಕ್ಕುದಿಕ್ಕಿಗೆ ಚದುರಿದರು. ಹಾಗೆ ಹೊರಟವರಲ್ಲಿ ದುಬಾಯ್ ಒಬ್ಬರು. ಅವರು 1792ರಲ್ಲಿ ಹಡಗು ಹತ್ತಿದರು; ಮರುವರ್ಷ ಜನವರಿಯಲ್ಲಿ ಅವರ ರಾಜ ಹದಿನಾರನೆಯ ಲೂಯಿಯ ತಲೆ ಉರುಳಿತು. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅವರು ಮೈಸೂರು ಸೀಮೆಗೆ ಬಂದರು. ಆಗ ತಾನೆ ಕಂಪನಿಯ ಹಿಡಿತಕ್ಕೆ ಬಂದಿದ್ದ ಸೀಮೆ. ಇವರು ಅಲ್ಲಿ ನಿಂತದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ಇಲ್ಲಿಯವರಂತೆ ಉಡುಪು ಧರಿಸಿದರು, ಇಲ್ಲಿಯ ಊಟ ಉಂಡರು, ಇಲ್ಲಿಯ ಮಾತು ಕಲಿತರು. ಜನ ಅವರನ್ನು ದೊಡ್ಡಸ್ವಾಮಿಯೋರು ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಜನ ಅದಕ್ಕೆ ಹೆದರಿ ಓಡುತ್ತಿದ್ದ ಆ ದಿನಗಳಲ್ಲಿ ದುಬಾಯ್ ಮುಂದೆ ನಿಂತು ಸಾವಿರಾರು ಮಂದಿಗೆ ಅದನ್ನು ಹಾಕಿಸಿದರು. ಉಂಡ ಮನೆಯ ಋಣ ತೀರಿಸುವುದೆಂದರೆ ಇದೇ ತಾನೆ?

ಇದೇ ದುಬಾಯ್ ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಒಂದು ದೊಡ್ಡ ಹಸ್ತಪ್ರತಿಯನ್ನೂ ಸಿದ್ಧಮಾಡಿದರು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಶಿಫಾರಸು ಮಾಡಿದ್ದರಿಂದ ಮದರಾಸಿನ ಕಂಪನಿ ಸರಕಾರ 2,000 ವರಹ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಆಳಬಂದ ಅಧಿಕಾರಿಗಳಿಗೆ ಅದು ಕೈಪಿಡಿಯಾಯಿತು. 1823ರಲ್ಲಿ ದುಬಾಯ್ ಕಂಪನಿಯ ಪಿಂಚಣಿಯೊಂದಿಗೆ ಫ್ರಾನ್ಸಿಗೆ ಮರಳಿದರು. ಆ ಪುಸ್ತಕದ ಬಹುಭಾಗ ಪುದುಚೇರಿಯಲ್ಲಿದ್ದ ಕೇರ್ದೂ ಎಂಬ ಹಿರಿಯ ಜೆಸುಯಿಟ್ ಪಾದ್ರಿಯ ಬರಹದಿಂದ ಬಂದದ್ದು ಎಂದು ಸಿಲ್ವಿಯಾ ಮ್ಯೂರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಎಣಿಸಿದವರು ಬೇರೆ, ಲೆಕ್ಕ ಒಪ್ಪಿಸಿದವರು ಬೇರೆ!

ಆ ಲೆಕ್ಕದಲ್ಲಿ ನನ್ನನ್ನು ಕಾಡುವುದು ಒಂದೇ ಬಾಬ್ತು. ನಮ್ಮಲ್ಲಿ ನೂರು ದೋಷ ಕಂಡ ಆ ಪುಸ್ತಕ ಜಾತಿಪದ್ಧತಿಯನ್ನು ಮಾತ್ರ ಹೊಗಳುತ್ತದೆ. ಈ ಜನ ಕಾಡುಜನರಾಗದೆ ಉಳಿದದ್ದು ಜಾತಿಯ ಕಟ್ಟಿನಿಂದ ಎನ್ನುತ್ತದೆ. ಇದು ಹೇಗೆ? ತಮ್ಮ ಊರಿನಲ್ಲಿ ಮೇಲಿದ್ದದ್ದು ಕೆಳಗಾಗಿ ರಕ್ತ ಹರಿದುದನ್ನು ಬಲ್ಲವರು ಅವರು. ಸ್ವಂತ ಮನೆಯ ಮಾಡು ಕುಸಿದವರಿಗೆ ಇನ್ನೊಬ್ಬರ ಮನೆಯಲ್ಲಿ ಅಲುಗಾಡದ ತೊಲೆಯೊಂದು ಕಂಡರೆ ಸಾಕು, ನೆಮ್ಮದಿಯಾಗುತ್ತದೆ. ಆ ತೊಲೆ ಯಾರ ಹೆಗಲ ಮೇಲೆ ನಿಂತಿದೆ ಎಂದು ಬಗ್ಗಿ ನೋಡಲು ಮನಸ್ಸು ಬರುವುದಿಲ್ಲ. ನೋವು ಉಂಡವರಿಗೆ ಇತರರ ನೋವು ತಿಳಿಯುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಯಾವಾಗಲೂ ಹಾಗಾಗುವುದಿಲ್ಲ. ಕೆಲವು ಸಲ ನೋವು ಕಣ್ಣು ತೆರೆಸುವ ಬದಲು ಕಣ್ಣಿಗೆ ಪೊರೆ ಬರಿಸುತ್ತದೆ.

ಹಾಗಾದರೆ ನೆಲೆ ತಪ್ಪಿ ಬಂದವರು ಬಾಯಿ ಮುಚ್ಚಿಕೊಂಡೇ ಇರಬೇಕೆ? ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಸಿಲೋನಿನಿಂದ ಬಂದ ತಮಿಳರಿದ್ದಾರೆ. ಅವರ ಹಿರಿಯರನ್ನು ಇಂಗ್ಲಿಷರು ಚಹಾ, ಕಾಫಿ ತೋಟಗಳ ಕೆಲಸಕ್ಕೆಂದು ಅಲ್ಲಿಗೆ ಒಯ್ದಿದ್ದರು. ಸಿಲೋನು ಸ್ವತಂತ್ರವಾದ 1948ರಲ್ಲೇ ಬಂದ ಕಾನೂನು ಅವರನ್ನು ಪೌರತ್ವವಿಲ್ಲದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಮಾಡಿಕೊಂಡ ಒಪ್ಪಂದದ ಪ್ರಕಾರ ಲಕ್ಷಗಟ್ಟಲೆ ಜನರನ್ನು ಭಾರತಕ್ಕೆ ಕಳುಹಿಸಲಾಯಿತು. ಅವರಲ್ಲಿ ಕೆಲವು ಕುಟುಂಬಗಳಿಗೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಆ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ಕುಳಿತು ಕನ್ನಡ ಕಲಿತಿದ್ದಾರೆ.

ಅಂಥ ಒಬ್ಬಳು ಹುಡುಗಿ ಒಮ್ಮೆ, ಅತಿಥಿ ಸತ್ಕಾರದ ಪಾಠ ನಡೆಯುತ್ತಿದ್ದಾಗ, ಎದ್ದು ನಿಂತು ಕೇಳಿದಳು: "ಟೀಚರ್, ಇಲ್ಲಿ ನಮ್ಮ ಅಮ್ಮ ಕೆಲಸಕ್ಕೆ ಹೋಗುವ ಮನೆಯಲ್ಲಿ ಬೆಲ್ಲ, ನೀರು ಕೊಡುತ್ತಾರೆ. ಆದರೆ ಲೋಟ ಮಾತ್ರ ಹೊರಗೆ ಬೇರೆಯೇ ಇಟ್ಟಿರುತ್ತಾರೆ. ಯಾಕೆ?" ತರಗತಿ ಸ್ತಬ್ಧವಾಯಿತು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವಳಿಗೆ. ಇದು ತಪ್ಪು, ನಿನ್ನ ಅಮ್ಮನದಲ್ಲ, ಆ ಮನೆಯವರದು ಎಂದು ನಾನು ಹೇಳಿದೆ. ಆ ದಿನ ಪಾಠ ಮುಂದೆ ಸಾಗಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯ ಲೋಟಗಳ ವಿಷಯ ಹೇಳತೊಡಗಿದರು.

ದುಬಾಯ್ ದೊಡ್ಡ ವಿದ್ವಾಂಸರು, ಇವಳು ಏಳನೆಯ ತರಗತಿಯ ಹುಡುಗಿ. ಇಬ್ಬರೂ ನೆಲೆ ಕಳೆದುಕೊಂಡ ಕಡೆಯವರು, ಇಬ್ಬರೂ ನಮ್ಮ ಮನೆಯ ಜಂತೆ ಎಣಿಸಿದವರು. ದುಬಾಯ್ ತಮ್ಮ ಲೆಕ್ಕವನ್ನು ಮನೆಯನ್ನು ವಶಮಾಡಿಕೊಂಡವರಿಗೆ ಕೊಟ್ಟರು. ಹುಡುಗಿ ಮನೆಯ ಮಕ್ಕಳ ಎದುರಿಗೇ ಒಪ್ಪಿಸಿದಳು. ಎಣಿಸುವುದರಲ್ಲಿ ದೋಷವಿಲ್ಲ; ಯಾರ ಕೈಗೆ, ಯಾವ ಉದ್ದೇಶಕ್ಕೆ ಲೆಕ್ಕ ಕೊಡುತ್ತೇವೆ ಎಂಬುದರಲ್ಲಿ ಕೃತಜ್ಞತೆಯೂ ಇದೆ, ದ್ರೋಹವೂ ಇದೆ. ಹಾಗೆಂದು ದುಬಾಯ್ ಅವರನ್ನು ದ್ರೋಹಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಲಸಿಕೆಯಿಂದ ಬದುಕಿದ ಮಕ್ಕಳು ಅದಕ್ಕೆ ಅಡ್ಡ ನಿಲ್ಲುತ್ತಾರೆ.

ಗಾದೆ ಅತಿಥಿಗೆ ಬುದ್ಧಿ ಹೇಳುತ್ತದೆ, ಮನೆಯವರಿಗೆ ಏನೂ ಹೇಳುವುದಿಲ್ಲ. ಒರಲೆ ಹಿಡಿದಿದೆ ಎಂದು ಅತಿಥಿ ಹೇಳಿದಾಗ ಮುನಿಯದೆ ಏಣಿ ತರುವುದು ಮನೆಯವರ ಕೆಲಸ. ಮುಂದಿನ ಸಲ ಈ ಗಾದೆಯನ್ನು ವಿಸ್ತರಿಸಲು ಕೊಡುವಾಗ, ಇಷ್ಟನ್ನೂ ಸೇರಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳಬೇಕೆಂದಿದ್ದೇನೆ.