ಮೂಲ ನೋಡುವ ಬುದ್ಧಿ ಕೊಡು

ಸ್ವಾಮಿ ಭೋಗನಂದೀಶ್ವರಾ, ನಿನ್ನ ಬೆಟ್ಟದ ಬುಡದ ಮುದ್ದೇನಹಳ್ಳಿಯಿಂದ ಈ ನಿವೇದನೆ. ನಾನು ಮಕ್ಕಳಿಗೆ ಲಿನಕ್ಸ್ ಕಲಿಸುವವನು. ಹೊಸ ಕರ್ನೆಲ್ಲನ್ನು ಅವರ ಕೈಯಿಂದಲೇ ಕಂಪೈಲ್ ಮಾಡಿಸುತ್ತೇನೆ. ಕಂಪ್ಯೂಟರ್ ಸರಿಯಾಗಿ ಬೂಟ್ ಆಗುತ್ತದೆ, ನೆಟ್‌ವರ್ಕ್ ಮಾತ್ರ ಬರುವುದಿಲ್ಲ. ಮಕ್ಕಳ ಮುಖ ಬಾಡುವ ಆ ಗಳಿಗೆಗೆ ಬೇಕಾದದ್ದನ್ನು ಕೇಳಲು ನಿನ್ನ ಮುಂದೆ ನಿಂತಿದ್ದೇನೆ. ಮೂಲ ನೋಡುವ ಬುದ್ಧಿ ಕೊಡು.

ಈ ಊರಲ್ಲೇ ಹುಟ್ಟಿ, ಈ ಊರಲ್ಲೇ ಸಮಾಧಿಯಾದ ವಿಶ್ವೇಶ್ವರಯ್ಯನವರಿಗೆ ಆ ಬುದ್ಧಿಯನ್ನು ಧಾರಾಳವಾಗಿ ಕೊಟ್ಟಿದ್ದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಹಾಳಾಯಿತು. ಮರುವರ್ಷ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅವರು ಊರೊಳಗಿನ ಹಾನಿಗಷ್ಟೇ ನಿಲ್ಲದೆ, ಮಳೆ ಎಲ್ಲಿ ಎಷ್ಟು ಬಿತ್ತು, ನೀರು ಎಲ್ಲಿಂದ ಇಳಿದು ಬಂತು ಎಂದು ನದಿಯ ಮೇಲ್ಭಾಗದ ಲೆಕ್ಕ ತೆಗೆದರು. ನಗರಕ್ಕೆ ಬರುವ ಮೊದಲೇ ನೀರನ್ನು ತಡೆಯಲು ಜಲಾಶಯ ಕಟ್ಟಿ ಎಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

ಆ ಕ್ರಮ ನಮ್ಮ ಮಕ್ಕಳಿಗೂ ಒಲಿಯಲಿ, ತಂದೆ. ಬ್ರೌಸರ್ ತೆರೆಯಲಿಲ್ಲವೆಂದು ಕೇಬಲ್ ಕೀಳುವ, ಐಪಿ ವಿಳಾಸ ತಿದ್ದುವ ಆತುರ ಅವರಿಂದ ದೂರವಿರಲಿ. ಓಡುತ್ತಿರುವ ಕರ್ನೆಲ್ ಯಾವುದೆಂದು ಯುನೇಮ್ ಆದೇಶದಿಂದ ಮೊದಲು ತಿಳಿದುಕೊಳ್ಳಲಿ. ಎಲ್‌ಎಸ್‌ಪಿಸಿಐ -k ಪಟ್ಟಿಯಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರಿದ್ದು, ಬಳಕೆಯಲ್ಲಿರುವ ಡ್ರೈವರ್ ಯಾವುದೆಂದು ಹೇಳುವ ಸಾಲು ಇಲ್ಲದಿದ್ದರೆ, ಕಾರ್ಡನ್ನು ಬೈಯದೆ ಡ್ರೈವರ್ ಹುಡುಕುವ ಸಮಾಧಾನ ಕೊಡು.

ಅಲ್ಲಿಂದ ಮುಂದಕ್ಕೂ ಕೈಹಿಡಿದು ನಡೆಸು. ಕರ್ನೆಲ್ಲಿನ ಕಾನ್ಫಿಗ್‌ನಲ್ಲಿ ಆ ಡ್ರೈವರನ್ನು ಆರಿಸಿದ್ದಾರೆಯೇ ಎಂದು ನೋಡಲಿ. ಆಗ ಲೋಡ್ ಆಗಿದ್ದ ಮಾಡ್ಯೂಲುಗಳನ್ನಷ್ಟೇ ಉಳಿಸುವ ಲೋಕಲ್‌ಮಾಡ್‌ಕಾನ್ಫಿಗ್ ಬಳಸಿದ್ದರೆ, ಅಂದು ಚುಚ್ಚಿರದ ಯುಎಸ್‌ಬಿ ಅಡಾಪ್ಟರಿನ ಡ್ರೈವರ್ ಬಿಟ್ಟುಹೋಗಿರಬಹುದು ಎಂಬುದು ನೆನಪಾಗಲಿ. ಮಾಡ್ಯೂಲಾಗಿ ಆರಿಸಿದ್ದರೆ, ಈ ಕರ್ನೆಲ್ಲಿನ ಮಾಡ್ಯೂಲುಗಳನ್ನು ಇನ್‌ಸ್ಟಾಲ್ ಮಾಡಿದ್ದಾರೆಯೇ ಎಂದು ಪರೀಕ್ಷಿಸಲಿ. ಬೇರೆ ಆವೃತ್ತಿಗೆ ಕಟ್ಟಿದ ಮಾಡ್ಯೂಲನ್ನು ಕರ್ನೆಲ್ ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳದು. ಕಾರ್ಡ್ ತಯಾರಕರು ಪ್ರತ್ಯೇಕವಾಗಿ ಕೊಟ್ಟ ಡ್ರೈವರನ್ನು ಹೊಸ ಕರ್ನೆಲ್ಲಿಗೆ ಮತ್ತೆ ಕಟ್ಟಲೇಬೇಕು.

ಡ್ರೈವರ್ ಬಂದ ಮೇಲೂ ಕಾರ್ಡ್ ಏಳದಿದ್ದರೆ ಡಿಮೆಸೇಜ್ ತೋರಿಸುವ ಕರ್ನೆಲ್ ಸಂದೇಶಗಳನ್ನು ಸಾಲುಸಾಲಾಗಿ ಓದುವ ತಾಳ್ಮೆ ಕೊಡು. ವೈಫೈ ಕಾರ್ಡುಗಳು ಬಹುಮಟ್ಟಿಗೆ ಫರ್ಮ್‌ವೇರ್ ಕಡತವನ್ನು ಬೇಡುತ್ತವೆ. ಡ್ರೈವರನ್ನು ಕರ್ನೆಲ್ಲಿನೊಳಗೇ ಕಟ್ಟಿದ್ದರೆ, ಡಿಸ್ಕ್ ಮೌಂಟ್ ಆಗುವ ಮೊದಲೇ ಅದು ಫರ್ಮ್‌ವೇರ್ ಕೇಳಬಹುದು. ಹಾಗಾದಾಗ ಡಿಸ್ಕಿನಲ್ಲಿ ಕಡತವಿದ್ದೂ ಅದಕ್ಕೆ ಸಿಗದು. ಇನಿಟ್‌ರಾಮ್‌ಎಫ್‌ಎಸ್‌ಗೆ ಸೇರಿಸಬೇಕು, ಇಲ್ಲವೇ ಡ್ರೈವರನ್ನು ಮಾಡ್ಯೂಲಾಗಿ ಕಟ್ಟಬೇಕು. ಇಷ್ಟು ಸೂಕ್ಷ್ಮವನ್ನು ತಾವೇ ಕಂಡುಕೊಂಡ ಮಕ್ಕಳ ಕಣ್ಣಿನ ಹೊಳಪನ್ನು ನನಗೆ ಮತ್ತೆ ಮತ್ತೆ ತೋರಿಸು.

ಕೃತಜ್ಞತೆಯನ್ನೂ ಸ್ವೀಕರಿಸು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಕರ್ನೆಲ್ಲನ್ನು ಹಂಚಿಕೊಂಡ. ಮರುವರ್ಷ ಅದು ಜಿಪಿಎಲ್ ಪರವಾನಗಿಗೆ ಬಂತು. ಅಂದಿನಿಂದ ಎಷ್ಟೋ ದೇಶಗಳ ಜನ ಬರೆದ ಡ್ರೈವರುಗಳ ಮೂಲ ಚಿಕ್ಕಬಳ್ಳಾಪುರ ಸೀಮೆಯ ರೈತರ ಮಗಳಿಗೂ ತೆರೆದಿದೆ. ಅವಳು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಕಳಿಸಲೂಬಹುದು. ಇದನ್ನೆಲ್ಲ ಬರೆದುಕೊಟ್ಟವರನ್ನು ಚೆನ್ನಾಗಿಡು.

ಮಕ್ಕಳೇ, ಕೊನೆಗೆ ನಿಮ್ಮಲ್ಲೂ ಒಂದು ಬೇಡಿಕೆ. ಹೊಸ ಕರ್ನೆಲ್ ಹಾಕಿದ ದಿನವೇ ಹಳೆಯದನ್ನು ಅಳಿಸಬೇಡಿ. ಅದು ಗ್ರಬ್ ಪಟ್ಟಿಯಲ್ಲಿದ್ದರೆ ಅದರಿಂದ ಬೂಟ್ ಮಾಡಿ, ಬೇಕಾದ ಫರ್ಮ್‌ವೇರನ್ನು ಇಳಿಸಿಕೊಳ್ಳಬಹುದು. ಒಮ್ಮೆಗೆ ಒಂದನ್ನೇ ಬದಲಿಸಿ. ನೆಟ್‌ವರ್ಕ್ ಬಂದಮೇಲೆ, ಯಾವುದರಿಂದ ಬಂತೆಂದು ಲ್ಯಾಬ್ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡಿ. ಮುಂದಿನ ಬ್ಯಾಚಿನವರು ಅದನ್ನು ಓದಿಯೇ ಕೆಲಸ ಶುರುಮಾಡಲಿ.