ತೂಕದ ತಪ್ಪು ಯಾರದು?

ನಮ್ಮ ಹಟ್ಟಿಯ ಬಸುರಿ ಹೆಂಗಸು ತಕ್ಕಡಿ ಮೇಲೆ ನಿಂತರೆ ಮುಳ್ಳು ನಲವತ್ತೆರಡರ ಆಸುಪಾಸಲ್ಲಿ ನಿಲ್ಲುತ್ತದೆ. "ಯಾಕವ್ವ, ಚೆನ್ನಾಗಿ ತಿನ್ನಕೇನು ದಾಡಿ?" ಅನ್ನುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ತಲೆ ತಗ್ಗಿಸಬೇಕಾದವರು ತಪ್ಪು ಮಾಡಿದವರು. ಅವಳು ಮಾಡಿದ ತಪ್ಪೇನು?

ತಾಯಿ ತೂಕ ಕಮ್ಮಿಯಾದರೆ ಕೂಸು ಎರಡೂವರೆ ಕೆಜಿಗಿಂತ ಕಮ್ಮಿ ಹುಟ್ಟುವ, ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚು. ಅಂಥ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಮೊಲೆ ಚೀಪಲು ಕಸುವಿರುವುದಿಲ್ಲ. ತೂಕ ಮಿತಿಮೀರಿದರೂ ಅಪಾಯವೇ. ಬಸುರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಬರುತ್ತವೆ. ಆದರೆ ನಮ್ಮ ಕೇರಿಗಳ ಹಳೇ ಕತೆ ಬಡಕಲು ಮೈಯದು.

ಆ ಕತೆ ತೊಟ್ಟಿಲಲ್ಲಿ ಮುಗಿಯುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಕೂಸುಗಳ ತೂಕವನ್ನೂ ತಾಯಂದಿರ ತೂಕವನ್ನೂ ಬರೆದಿಟ್ಟಿದ್ದರು. ಆ ಕೂಸುಗಳಲ್ಲಿ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿ, 1996ರಲ್ಲಿ ವರದಿ ಪ್ರಕಟಿಸಿದರು. ಎರಡೂವರೆ ಕೆಜಿ ಮೀರದೆ ಹುಟ್ಟಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. 3.2 ಕೆಜಿ ಮೀರಿ ಹುಟ್ಟಿದ್ದವರಲ್ಲಿ ನೂರಕ್ಕೆ 3. ಸಣ್ಣಗೆ ಹುಟ್ಟಿ, ತಾಯಿಯೂ 45 ಕೆಜಿಗಿಂತ ಕಮ್ಮಿ ಇದ್ದವರಿಗೆ ಎಲ್ಲರಿಗಿಂತ ಹೆಚ್ಚು.

ನಮ್ಮ ಪಾಡಿಗೆಲ್ಲ ಹಿಂದಿನ ಜನ್ಮದ ಕರ್ಮವೇ ಕಾರಣ ಎಂದು ನಮಗೆ ಹೇಳಿಕೊಟ್ಟರು. ನಾವು ಕಂಡ ಹಿಂದಿನ ಜನ್ಮ ಅವ್ವನ ಹೊಟ್ಟೆಯ ಒಂಬತ್ತು ತಿಂಗಳು, ಅಷ್ಟೆ. ಅಲ್ಲಿ ನಡೆದ ಪಾಪ ನಮ್ಮದಲ್ಲ. ಅವ್ವನದೂ ಅಲ್ಲ.

ಹಂಗಾದರೆ ಯಾರದು? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಹೊಲಗಳಲ್ಲಿ ನಿಂತು ನೋಡಿ. ಮಳೇಲಿ ನೆನೆದ ಸೊಪ್ಪು ಮುರಿಯುವವಳು, ಕಡ್ಡಿಗೆ ಕಟ್ಟುವವಳು, ಬ್ಯಾರನ್‌ಗೆ ಹೊರುವವಳು ಅವಳೇ. ಹಸಿ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗಿಳಿದು ವಾಂತಿ ಬರಿಸುತ್ತದೆ. ಉಂಡದ್ದು ಕಮ್ಮಿ, ದುಡಿದದ್ದು ಹೆಚ್ಚು. ಕೂಸಿನ ಪಾಲಿಗೆ ಏನುಳಿಯಿತು?

"ಕೂಸು ದಪ್ಪಾದ್ರ ಹೆರಕ ಆಗದಿಲ್ಲ ಕನವ್ವ, ಒಸಿ ಕಮ್ಮಿ ಉಣ್ಣು" ಅನ್ನುವ ಅಜ್ಜಿಯರನ್ನು ನಾವು ನಗುವುದಿಲ್ಲ. ಹೆರಿಗೆಯಲ್ಲಿ ಸತ್ತವರನ್ನು ಹೊತ್ತು ಕಂಡವರ ಭಯ ಅದು. ಆದರೆ ಆಸ್ಪತ್ರೆಯಲ್ಲಿ ಹೆರುವ ಈ ಕಾಲಕ್ಕೂ ಆ ಭಯವನ್ನೇ ಬಡಿಸಬಾರದು.

2017ರಲ್ಲಿ ಮಾತೃಪೂರ್ಣ ಯೋಜನೆ ಬಂತು. ಮೊದಲು ಪ್ರಯೋಗ ಮಾಡಿದ ತಾಲ್ಲೂಕುಗಳಲ್ಲಿ ಎಚ್.ಡಿ. ಕೋಟೆಯೂ ಒಂದು. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು. ಇದನ್ನು ದಾನ ಅನ್ನುವವರ ಬಾಯಿ ಮುಚ್ಚಿಸಬೇಕು. ಇದು ಹಳೇ ಸಾಲದ ಒಂದು ಕಂತು. ಆದರೆ ಆ ಊಟಕ್ಕೆ ನಡೆದು ಹೋದ ಹೊತ್ತಿನ ಕೂಲಿ ಯಾರು ಕಟ್ಟಿಕೊಡುತ್ತಾರೆ?

ಸರ್ಕಾರವನ್ನು, ಗೌಡರನ್ನು ಬೈದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತು ಪದವಿ ತಗೊಂಡವರು ನಾವು. ಮೊದಲ ಮುದ್ದೆ ಉಂಡವರೂ ನಾವೇ. ತಳ ಕೆರೆದು ಅವ್ವ ಏನು ಉಂಡಳೋ ನಾವು ತಿರುಗಿ ನೋಡಲಿಲ್ಲ. ಈಗ ನಮ್ಮ ಅಕ್ಕತಂಗಿಯರು, ಹೆಂಡಿರು ಬಸುರಾಗಿದ್ದಾರೆ. ಇವತ್ತು ರಾತ್ರಿ ಮೊದಲ ತಟ್ಟೆ ಯಾರ ಮುಂದೆ ಇಡುತ್ತೇವೆ?